ಹೆಚ್ಚಾದ ಹುಂಜಗಳು ಯಾರ ಹೊಣೆ?

ಹಿತ್ತಿಲಲ್ಲಿ ಕೋಳಿ ಸಾಕುವ ಓದುಗರೇ, ಹುಂಜಗಳು ಹೆಚ್ಚಿದಷ್ಟೂ ಮರಿಯಾಗುವ ಮೊಟ್ಟೆಗಳು ಹೆಚ್ಚುತ್ತವೆಂದು ನೀವು ಭಾವಿಸಿರಬಹುದು. ವಸ್ತುಸ್ಥಿತಿ ಬೇರೆ. ಎಂಟು-ಹತ್ತು ಹೇಟೆಗಳಿಗೆ ಒಂದು ಹುಂಜ ಸಾಕು. ಒಮ್ಮೆ ಕೂಡಿದ ಹೇಟೆಯು ವೀರ್ಯವನ್ನು ಒಡಲಲ್ಲಿ ಕಾಪಿಟ್ಟುಕೊಂಡು, ವಾರಕ್ಕೂ ಮಿಕ್ಕಿ ಫಲಿತ ಮೊಟ್ಟೆಗಳನ್ನಿಡಬಲ್ಲದು. ಹುಂಜಗಳು ಹಲವಾದರೆ ಒಂದನ್ನೊಂದು ಅಡ್ಡಗಟ್ಟಿ ಕಾದಾಡುತ್ತವೆ. ಹೇಟೆಗಳ ಬೆನ್ನಿನ ಗರಿ ಕಿತ್ತು ಗಾಯವಾಗುತ್ತದೆ. ಫಲಿತ ಮೊಟ್ಟೆಗಳೂ ಕಡಿಮೆಯಾಗಬಹುದು.

ಆದರೆ 21 ದಿನ ಕಾವು ಪಡೆದ ಮೊಟ್ಟೆಗಳಿಂದ ಹೊರಬರುವ ಮರಿಗಳಲ್ಲಿ ಸರಿಸುಮಾರು ಅರ್ಧ ಗಂಡು. ಹತ್ತು ಹೇಟೆಗೊಂದು ಹುಂಜ ಬೇಕೆನ್ನುವ ನಮಗೆ ಪ್ರಕೃತಿಯು ಹೇಟೆಗೊಂದು ಹುಂಜವನ್ನು ಕೊಡುತ್ತದೆ. ಉಳಿದವನ್ನು ನಾವು 'ಹೆಚ್ಚುವರಿ' ಎನ್ನುತ್ತೇವೆ. ಆ ಹೆಸರನ್ನಿಟ್ಟದ್ದು ನಮ್ಮ ಅಗತ್ಯದ ಲೆಕ್ಕ.

ಅವುಗಳನ್ನು ಅಡುಗೆಗೆ ಬಳಸುವುದು ಸರಿಯೇ ಎಂಬಲ್ಲಿ ಭಿನ್ನಮತವಿರಬಹುದು. ಕೋಳಿ ಅಂಕಕ್ಕೆ ಮಾರುವುದು, ಬೀದಿಗೆ ಬಿಡುವುದು ಹೊಣೆಗೇಡಿತನವೆಂಬುದರಲ್ಲಿ ಸಂಶಯವಿಲ್ಲ. ಹೇಟೆಯು ಹುಂಜವಿಲ್ಲದೆಯೂ ಮೊಟ್ಟೆಯಿಡುತ್ತದೆ. ಮರಿ ಮಾಡಿಸುವುದು ನಮ್ಮ ಆಯ್ಕೆ. ಆದ್ದರಿಂದ ಕಾವಿಗೆ ಕೂಡಿಸುವ ಮುನ್ನವೇ ಕೇಳಿಕೊಳ್ಳಿರಿ: ಹುಟ್ಟುವ ಪ್ರತಿಯೊಂದು ಗಂಡುಮರಿಗೂ ನನ್ನಲ್ಲಿ ಗೂಡು, ಕಾಳು, ಕೊನೆಗೆ ಕ್ರೌರ್ಯವಿಲ್ಲದ ಅಂತ್ಯ ಉಂಟೇ? ಎಷ್ಟು ಮರಿಗಳಿಗೆ ಉಂಟೆನ್ನಬಲ್ಲೆವೋ ಅಷ್ಟೇ ಮೊಟ್ಟೆಗಳನ್ನು ಕಾವಿಗಿಡುವುದು ನ್ಯಾಯ.