ಶಂಕೆ, ಶ್ರದ್ಧೆ ಮತ್ತು ಲೋಕಹಿತ

ಮಾನವನ ಮನಸ್ಸು ಶ್ರದ್ಧೆಯಿಂದ ಎಷ್ಟು ಬಲಗೊಳ್ಳುವುದೋ ಶಂಕೆಯಿಂದ ಅಷ್ಟೇ ಎಚ್ಚರಗೊಳ್ಳುವುದು. ಶ್ರದ್ಧೆಯಿಲ್ಲದ ಬಾಳು ಬೇರಿಲ್ಲದ ಗಿಡ. ಶಂಕೆಯೇ ಇಲ್ಲದ ಬಾಳು ಬೇಲಿಯಿಲ್ಲದ ಹೊಲ. ಇವೆರಡರ ಸೀಮೆ ಎಲ್ಲಿ ಕೂಡುವುದೆಂಬ ಪ್ರಶ್ನೆಯು ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಹುಟ್ಟುವಂತಹದಲ್ಲ. 2020ರಿಂದ ಎರಡು ವರ್ಷಗಳ ಕಾಲ ಕೋವಿಡ್ ಮಹಾಮಾರಿಯು ನಾಡನ್ನು ಕಾಡಿದಾಗ ಅದು ಪ್ರತಿಯೊಂದು ಮನೆಯ ಹೊಸ್ತಿಲಿಗೂ ಬಂದು ನಿಂತಿತು. "ಅಜ್ಜಾವರೇ, ಈ ಲಸಿಕೆ ಹಾಕಿಸಿಕೊಂಡರೆ ಕೇಡಾಗುವುದಿಲ್ಲವೇ?" ಎಂದು ಕೇಳಿದವರು ಅನೇಕರು. "ಗಡಿಯಾಚೆಗಿನ ಮಗಳ ಮನೆಗೆ ಹೋಗಬಾರದೆಂದರೆ ಇದು ಯಾವ ಧರ್ಮ?" ಎಂದು ನೊಂದವರೂ ಅನೇಕರು.

ರೋಗವು ಶಮನವಾಯಿತು; ಪ್ರಶ್ನೆಗಳು ಶಮನವಾಗಲಿಲ್ಲ. 2025ರ ಬೇಸಗೆಯ ಕೊನೆಯಲ್ಲಿ ಹಾಸನ ಜಿಲ್ಲೆಯಲ್ಲಿ ಕೆಲವರು ತರುಣ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ಮರಣ ಹೊಂದಿದ ಸುದ್ದಿ ಹಬ್ಬಿದಾಗ "ಇದು ಲಸಿಕೆಯ ಫಲವೇ?" ಎಂಬ ಮಾತು ಮತ್ತೆ ಎದ್ದಿತು. ಇಂತಹ ಮಾತು ಕೂಸಿಗೆ ದಡಾರದ ಲಸಿಕೆ ಹಾಕಿಸಲು ಹೊರಟ ತಾಯಿಯ ಕಾಲನ್ನೂ ತಡೆಯಬಲ್ಲದು. ಆದುದರಿಂದ ಈ ವಿಷಯವನ್ನು ಸಮಾಧಾನಚಿತ್ತದಿಂದ ವಿಚಾರಿಸುವುದು ಅವಶ್ಯವಾಗಿದೆ.

ಮೊದಲು ಶಂಕೆಯ ಸ್ವರೂಪವನ್ನು ನೋಡೋಣ. ನ್ಯಾಯದರ್ಶನವು ಹದಿನಾರು ಪದಾರ್ಥಗಳನ್ನು ಹೇಳುವಲ್ಲಿ ಪ್ರಮಾಣ, ಪ್ರಮೇಯಗಳ ಬಳಿಕ ಮೂರನೆಯದಾಗಿ ಎಣಿಸುವುದು ಸಂಶಯವನ್ನು. ಸಂಶಯವಿಲ್ಲದೆ ವಿಚಾರವು ಆರಂಭವಾಗದು ಎಂಬುದೇ ಅದರ ಆಶಯ. ಆದರೆ ಅದೇ ಪಟ್ಟಿಯಲ್ಲಿ ಮುಂದೆ ನಿರ್ಣಯವೆಂಬುದೂ ಉಂಟು, ವಿತಂಡವೆಂಬುದೂ ಉಂಟು. ಸಂಶಯವು ಪ್ರಮಾಣಗಳ ದಾರಿಯಲ್ಲಿ ನಡೆದು ನಿರ್ಣಯವನ್ನು ಮುಟ್ಟಿದರೆ ಅದು ಜ್ಞಾನ. ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಿನವನನ್ನು ಕೆಡವುವುದರಲ್ಲಿಯೇ ನಿಂತರೆ ಅದು ವಿತಂಡ. ಲಸಿಕೆಯನ್ನು ಕುರಿತು ಶಂಕಿಸಿದವನನ್ನು ಮೂಢನೆಂದು ಜರೆಯುವುದು ತಪ್ಪು. ಉತ್ತರವು ಎದುರಿಗೆ ಬಂದು ನಿಂತರೂ ನೋಡಲೊಲ್ಲೆನೆಂಬವನನ್ನು ವಿಚಾರವಂತನೆಂದು ಹೊಗಳುವುದೂ ತಪ್ಪು.

ಹಾಗಾದರೆ ಯಾರ ಮಾತನ್ನು ನಂಬಬೇಕು? ಲಸಿಕೆಯ ಒಳಗೇನಿದೆ ಎಂಬುದು ನಮ್ಮ ನಿಮ್ಮ ಪ್ರತ್ಯಕ್ಷಕ್ಕೆ ನಿಲುಕದು. ಇಲ್ಲಿ ಆಪ್ತವಾಕ್ಯವೇ ಪ್ರಮಾಣ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಆಪ್ತನಾರೆಂಬುದನ್ನು ತಿಳಿಸುತ್ತ ವಿಷಯವನ್ನು ಸಾಕ್ಷಾತ್ತಾಗಿ ಬಲ್ಲವನು, ಬಲ್ಲುದನ್ನು ಇದ್ದಂತೆಯೇ ತಿಳಿಸುವ ಇಚ್ಛೆಯುಳ್ಳವನು ಎನ್ನುತ್ತಾನೆ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ಸೇರಿಸುತ್ತಾನೆ. ಬಲ್ಲವನಾದರೆ ಸಾಲದು, ಮರೆಮಾಚದವನೂ ಆಗಿರಬೇಕು. ಈ ಎರಡನೆಯ ಮಾತಿನಲ್ಲಿಯೇ ನಮ್ಮ ಪ್ರಶ್ನೆಯ ಕೀಲು ಇದೆ.

ನಮ್ಮ ನಾಡಿನ ಚರಿತ್ರೆಯು ಇದಕ್ಕೆ ಸಾಕ್ಷಿ ನುಡಿಯುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅಂದು ವಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬಯಿ ಇಲಾಖೆಯಲ್ಲಿದ್ದವು. ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಒಡೆಸ್ಸಾ ನಗರದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ಹಾಫ್‌ಕಿನ್ ಅವರು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಇತರರಿಗೆ ಕೊಡುವ ಮುನ್ನ ತಾನು ಉಂಡು ನೋಡಿದ ಈ ನಡತೆಯು ಆಪ್ತನ ಲಕ್ಷಣಕ್ಕೆ ಒಪ್ಪುವಂತಹದು. 1898ರಲ್ಲಿ ಹುಬ್ಬಳ್ಳಿ, ಧಾರವಾಡಗಳಲ್ಲಿ ಆ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು.

ಆದರೆ ಅದೇ ಕಥೆಗೆ ಇನ್ನೊಂದು ಮಗ್ಗುಲಿದೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ ಒಂದೇ ಸೀಸೆಯಿಂದ ಪಡೆದ 19 ಜನರು ಧನುರ್ವಾಯುವಿನಿಂದ ಮಡಿದರು. ದೋಷವನ್ನು ಮುಂಬಯಿಯ ಪ್ರಯೋಗಶಾಲೆಯ ಮೇಲೆ ಹೊರಿಸಿ ಹಾಫ್‌ಕಿನ್ನರನ್ನು ಅಧಿಕಾರದಿಂದ ದೂರವಿರಿಸಲಾಯಿತು. ಸೀಸೆಯನ್ನು ತೆರೆದ ಹಳ್ಳಿಯಲ್ಲಿಯೇ ಅದು ಮಲಿನಗೊಂಡಿತೆಂಬ ವಾದಕ್ಕೆ ರೊನಾಲ್ಡ್ ರಾಸ್‌ರಂತಹ ವಿಜ್ಞಾನಿಗಳು ದನಿಗೂಡಿಸಿದ ಮೇಲೆ, 1907ರಲ್ಲಿ ಅವರು ದೋಷಮುಕ್ತರಾದರು. 19 ಜನರ ಮರಣವು ಸುಳ್ಳಲ್ಲ. ಲಸಿಕೆಯು ಅನೇಕ ಪ್ರಾಣಗಳನ್ನು ಉಳಿಸಿದುದೂ ಸುಳ್ಳಲ್ಲ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವನೇ ಸತ್ಯವಂತ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವವನು, ಯಾವ ಪಕ್ಷದವನಾಗಿರಲಿ, ಅರ್ಧಸತ್ಯದ ವ್ಯಾಪಾರಿ.

ಈ ಅಳತೆಗೋಲನ್ನು ಹಿಡಿದು ನಮ್ಮ ಕಾಲಕ್ಕೆ ಬರೋಣ. 2021ರ ಜನವರಿ 16ರಂದು ಭಾರತದಲ್ಲಿ ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಲಸಿಕೆಗಳನ್ನು ಕೊಡಲಾರಂಭಿಸಿದರು. ಕೋವ್ಯಾಕ್ಸಿನ್ನಿಗೆ ಅನುಮತಿ ದೊರೆತಾಗ ಅದರ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ. ಇದನ್ನು ಪ್ರಶ್ನಿಸಿದವರಲ್ಲಿ ವೈದ್ಯರೂ ಇದ್ದರು. ಅದು ವಿತಂಡವಾಗಿರಲಿಲ್ಲ, ನ್ಯಾಯವಾದ ಸಂಶಯವೇ ಆಗಿತ್ತು. ಕೋವಿಶೀಲ್ಡಿನಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಉಂಟಾಗಬಹುದೆಂಬುದು 2021ರಲ್ಲಿಯೇ ಯುರೋಪಿನಲ್ಲಿ ಗೊತ್ತಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ರಾಷ್ಟ್ರೀಯ ಸಮಿತಿಯು ಭಾರತದಲ್ಲಿ ಅಂತಹವೆಂದು ತೋರುವ 26 ಪ್ರಕರಣಗಳನ್ನು ಗುರುತಿಸಿತು. ಹತ್ತು ಲಕ್ಷ ಚುಚ್ಚುಮದ್ದಿಗೆ ಅದು ಒಂದಕ್ಕಿಂತಲೂ ಕಡಿಮೆ. ಜೂನಿನಲ್ಲಿ, ಮಾರ್ಚ್ 8ರಂದು ಲಸಿಕೆ ಪಡೆದ 68 ವರ್ಷದ ವೃದ್ಧರೊಬ್ಬರ ಸಾವಿಗೆ ಲಸಿಕೆಯಿಂದಾದ ತೀವ್ರ ಅಲರ್ಜಿಯೇ ಕಾರಣವೆಂದು ಒಪ್ಪಿಕೊಳ್ಳಲಾಯಿತು. ಲಸಿಕೆಯ ಬಳಿಕ ಅರ್ಧ ಗಂಟೆ ಅಲ್ಲಿಯೇ ಕುಳ್ಳಿರಿಸುತ್ತಿದ್ದುದು ಇಂತಹ ಅಪಾಯವನ್ನು ಕೂಡಲೇ ಕಂಡು ಚಿಕಿತ್ಸೆ ಮಾಡಲೆಂದು.

ಈ ಸಂಗತಿಗಳು ಪತ್ರಿಕೆಗಳಲ್ಲಿ ಬಂದವು. ಹಳ್ಳಿಯ ಕಟ್ಟೆಗೆ ಬರಲಿಲ್ಲ. ಅಲ್ಲಿಗೆ ಬಂದುದು "ಏನೂ ಆಗುವುದಿಲ್ಲ" ಎಂಬ ಒಂದೇ ಮಾತು. ಆದುದರಿಂದಲೇ 2024ರಲ್ಲಿ ಆಸ್ಟ್ರಾಜೆನೆಕಾ ಕಂಪನಿಯು ಅದೇ ವಿರಳ ಅಪಾಯವನ್ನು ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಒಪ್ಪಿಕೊಂಡ ಸುದ್ದಿ ಬಂದಾಗ, ಮೂರು ವರ್ಷಗಳಿಂದ ತಜ್ಞರಿಗೆ ತಿಳಿದಿದ್ದ ವಿಷಯವು ಜನರಿಗೆ ಬಚ್ಚಿಟ್ಟ ಗುಟ್ಟಿನಂತೆ ತೋರಿತು. ಸತ್ಯವನ್ನು ಹೇಳಿದರೆ ಜನರು ಹೆದರಿಯಾರು ಎಂದು ಮೌನ ತಾಳಿದವರು, ಆ ಮೌನವೇ ಹೆಚ್ಚಿನ ಭಯಕ್ಕೆ ತಾಯಿಯಾಗುವುದೆಂಬುದನ್ನು ಮರೆತರು.

ಹಾಸನದ ಪ್ರಶ್ನೆಗೆ ದೊರೆತ ಉತ್ತರವನ್ನೂ ಕೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ದೇಶದ 47 ಆಸ್ಪತ್ರೆಗಳ ಮೂಲಕ 18ರಿಂದ 45 ವಯಸ್ಸಿನವರ ಹಠಾತ್ ಮರಣಗಳನ್ನು ಪರಿಶೀಲಿಸಿ 2023ರಲ್ಲಿ ವರದಿ ಪ್ರಕಟಿಸಿತು. ಲಸಿಕೆಯಿಂದ ಅಂತಹ ಮರಣ ಹೆಚ್ಚಿದುದು ಅದರಲ್ಲಿ ಕಂಡುಬರಲಿಲ್ಲ. ಕೋವಿಡ್ ಉಲ್ಬಣಿಸಿ ಆಸ್ಪತ್ರೆ ಸೇರಿದ್ದುದು, ಮನೆತನದಲ್ಲಿ ಹಿಂದೆ ಇಂತಹ ಮರಣ ಸಂಭವಿಸಿದ್ದುದು, ಮಿತಿಮೀರಿ ಕುಡಿದುದು, ಅತಿಯಾದ ದೇಹಶ್ರಮ ಇವು ಕಾರಣಗಳಾಗಿ ಕಂಡವು. 2025ರ ಜುಲೈಯಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ರಾಜ್ಯ ಸಮಿತಿಯೂ ಲಸಿಕೆಗೂ ಹೃದ್ರೋಗಕ್ಕೂ ನಂಟು ಕಾಣಲಿಲ್ಲವೆಂದು ತಿಳಿಸಿತು. ಶಂಕೆಯು ಪರೀಕ್ಷೆಗೆ ಒಳಪಟ್ಟು ನಿರ್ಣಯಕ್ಕೆ ಬಂದುದಕ್ಕೆ ಇದು ನಿದರ್ಶನ. ಇಷ್ಟಾದ ಮೇಲೆಯೂ ಅದನ್ನೇ ಹಬ್ಬಿಸುವವನು ಶಂಕೆಯ ಗಡಿಯನ್ನು ದಾಟಿದನೆಂದೇ ತಿಳಿಯಬೇಕು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: "ನನ್ನ ದೇಹ ನನ್ನದು, ಅದಕ್ಕೆ ಏನು ಸೇರಬೇಕೆಂದು ನಿಶ್ಚಯಿಸಲು ಇತರರಾರು?" ಈ ಮಾತಿನಲ್ಲಿ ತಿರುಳಿದೆ. ಸರ್ವೋಚ್ಚ ನ್ಯಾಯಾಲಯವು 2022ರ ಮೇ 2ರಂದು, ಯಾರಿಗೂ ಬಲಾತ್ಕಾರದಿಂದ ಲಸಿಕೆ ಹಾಕುವಂತಿಲ್ಲವೆಂದು ತೀರ್ಪಿತ್ತಿತು. ಲಸಿಕೆಯ ದುಷ್ಪರಿಣಾಮಗಳನ್ನು ಜನರು ವರದಿ ಮಾಡಲು ದಾರಿ ಇರಬೇಕೆಂದೂ ಆದೇಶಿಸಿತು. ವೀರಶೈವರಿಗೂ ದೇಹವು ತುಚ್ಛವಲ್ಲ. ಇಷ್ಟಲಿಂಗವನ್ನು ಧರಿಸಿದ ಅಂಗವು ಲಿಂಗಕ್ಕೆ ನೆಲೆ. ಆದುದರಿಂದ ಅದನ್ನು ಪರರ ಬಲಾತ್ಕಾರಕ್ಕೆ ಒಪ್ಪಿಸಲಾಗದು; ಹಾಗೆಯೇ ತನ್ನ ಮನಬಂದಂತೆ ಬಳಸಲೂ ಆಗದು. ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದು ಇದೆಯಷ್ಟೆ. ಗಣದ ಹಿತಕ್ಕೆ ಕುಂದು ಬಾರದಂತೆ ನಡೆಯುವ ಹೊಣೆಯು ಅದರೊಳಗೆ ಅಡಗಿದೆ. ನನ್ನ ಉಸಿರು ನೆರೆಯ ಮುದುಕಿಗೆ ರೋಗವಾಗಿ ತಗಲುವ ಕಾಲದಲ್ಲಿ "ನನ್ನದು" ಎಂಬ ಮಾತು ಪೂರ್ಣವಾಗಿ ನನ್ನದಾಗಿ ಉಳಿಯುವುದಿಲ್ಲ.

ಆದರೆ ಗಣಾಚಾರವು ವ್ಯಕ್ತಿಗೆ ಮಾತ್ರ ಹೊಣೆ ಹೊರಿಸಿ ಗಣವನ್ನು ಬಿಟ್ಟುಬಿಡುವುದೇ? ಎಲ್ಲರ ಹಿತಕ್ಕಾಗಿ ಕೋಟಿಗಟ್ಟಲೆ ಜನರು ತೋಳು ಚಾಚಿದರು. ಅವರಲ್ಲಿ ಎಲ್ಲಿಯೋ ಒಬ್ಬನಿಗೆ ಕೇಡಾಯಿತು. ಆ ಮನೆಯ ದುಃಖಕ್ಕೆ ಯಾರು ಹೆಗಲು ಕೊಡಬೇಕು? 2022ರ ನವೆಂಬರಿನಲ್ಲಿ ಕೇಂದ್ರ ಸರಕಾರವು, ಲಸಿಕೆಯು ಸ್ವಇಚ್ಛೆಯದಾದ್ದರಿಂದ ಪರಿಹಾರದ ಹೊಣೆ ತನ್ನದಲ್ಲವೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು. ಕಾನೂನಿನ ದೃಷ್ಟಿಯಲ್ಲಿ ಅದು ಹೇಗೇ ಇರಲಿ, ಧರ್ಮದ ದೃಷ್ಟಿಯಲ್ಲಿ ಆ ವಾದವು ನಿಲ್ಲದು. ಲೋಕಹಿತವೆಂದು ಕರೆದು ತೋಳು ಚಾಚಿಸಿದ ಮೇಲೆ, ಕೇಡಾದಾಗ "ನೀನೇ ಬಂದೆಯಲ್ಲ" ಎನ್ನುವುದು ದಾಸೋಹದ ಮಾತಲ್ಲ. ಫಲವನ್ನು ಹಂಚಿಕೊಂಡ ಪಂಕ್ತಿಯು ನೋವನ್ನೂ ಹಂಚಿಕೊಳ್ಳಬೇಕು. ಜನರು ಶ್ರದ್ಧೆಯಿಂದ ಮುಂದೆ ಬರಬೇಕೆಂದು ಬಯಸುವವರು ಮೊದಲು ಈ ಭರವಸೆಯನ್ನು ಕೊಡಲಿ.

ಇನ್ನು ಪ್ರಯಾಣದ ನಿಯಮಗಳ ವಿಚಾರ. ನಮ್ಮ ಬಬಲೇಶ್ವರ, ತಿಕೋಟಾ ಸೀಮೆಗೆ ರಾಜ್ಯದ ಗಡಿಯು ದೂರವಲ್ಲ. ಅತ್ತ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿಯೂ ಕನ್ನಡವೇ ಮನೆಮಾತಾದ ಹಳ್ಳಿಗಳುಂಟು. ಹೆಣ್ಣು ಕೊಟ್ಟು ತಂದ ಸಂಬಂಧಗಳು, ದ್ರಾಕ್ಷಿಯ ವ್ಯಾಪಾರ, ಸಂತೆ, ಜಾತ್ರೆ ಎಲ್ಲವೂ ಗಡಿಯನ್ನು ದಾಟಿ ಹರಿಯುತ್ತವೆ. ಶರಣೆ ದಾನಮ್ಮದೇವಿಯ ಗುಡ್ಡಾಪುರವಿರುವುದೂ ಆಚೆಯಲ್ಲಿಯೇ. ನಮ್ಮ ಭಕ್ತರು ಅಲ್ಲಿಗೆ ಕಾಲ್ನಡಿಗೆಯಿಂದ ಹೋಗುವ ವಾಡಿಕೆಯುಂಟು. 2020ರ ಮಾರ್ಚಿನಲ್ಲಿ ಎಲ್ಲವೂ ನಿಂತಿತು. ಮೇ 18ರಂದು ಕರ್ನಾಟಕವು ಮಹಾರಾಷ್ಟ್ರದಿಂದ ಬರುವವರ ಪ್ರವೇಶವನ್ನೇ ತಿಂಗಳ ಕೊನೆಯ ವರೆಗೆ ತಡೆಯಿತು. ಮಹಾರಾಷ್ಟ್ರದ ದೇವಸ್ಥಾನಗಳ ಬಾಗಿಲು ನವೆಂಬರ್ 16ರ ವರೆಗೆ ತೆರೆಯಲಿಲ್ಲ. 2021ರ ಫೆಬ್ರುವರಿಯಲ್ಲಿ 72 ಗಂಟೆಗಳೊಳಗಿನ ಪರೀಕ್ಷಾ ಪತ್ರ ಬೇಕೆಂದರು. ಆಗಸ್ಟಿನ ವೇಳೆಗೆ ಎರಡೂ ಲಸಿಕೆ ಪಡೆದವರೂ ಪತ್ರ ತರಬೇಕೆಂದರು. "ಹಾಗಾದರೆ ಲಸಿಕೆಯೇಕೆ?" ಎಂದು ಜನರು ಕೇಳಿದುದು ಸಹಜ. ಲಸಿಕೆಯು ಕಾಯಿಲೆಯ ತೀವ್ರತೆಯನ್ನು, ಮರಣವನ್ನು ಬಹಳವಾಗಿ ತಡೆಯುವುದು. ಸೋಂಕು ಹರಡುವುದನ್ನು ಅಷ್ಟಾಗಿ ತಡೆಯಲಾರದು. ಈ ಎರಡು ಮಾತುಗಳನ್ನು ಚೆಕ್‌ಪೋಸ್ಟಿನಲ್ಲಿ ತಿಳಿಸಿದ್ದರೆ ಅರ್ಧ ಜಗಳ ಅಲ್ಲಿಯೇ ಅಡಗುತ್ತಿತ್ತು.

ಜಂಗಮನೆಂದರೆ ಸಂಚರಿಸುವವನು. ಸಂಚಾರವೇ ಶೀಲವಾದವನಿಗೆ ನಿಲ್ಲೆಂಬ ಆಜ್ಞೆ ಕಹಿಯಾದುದೇ. ಆದರೂ ಶ್ರಾವಣದಲ್ಲಿ ಒಂದೆಡೆ ನಿಂತು ಅನುಷ್ಠಾನ ಮಾಡುವ ಪದ್ಧತಿ ನಮ್ಮ ಮಠಗಳಲ್ಲಿ ಉಂಟು. ಜೈನ ಮುನಿಗಳು ಮಳೆಗಾಲದಲ್ಲಿ, ನೆಲದ ಸಣ್ಣ ಜೀವಿಗಳು ಕಾಲಡಿಗೆ ಸಿಲುಕಬಾರದೆಂದು ವಿಹಾರವನ್ನೇ ನಿಲ್ಲಿಸುತ್ತಾರೆ. ತನ್ನ ಹೆಜ್ಜೆ ಇನ್ನೊಂದು ಜೀವಕ್ಕೆ ಮುಳುವಾಗಬಾರದೆಂದು ನಿಲ್ಲುವುದು ಸೆರೆಯಲ್ಲ, ವ್ರತ. ಮಹಾಮಾರಿಯ ಕಾಲದ ನಿಲುಗಡೆಯನ್ನೂ ನಾವು ಹಾಗೆ ಭಾವಿಸಬಹುದು. ಪಾದೋದಕ, ಪ್ರಸಾದಗಳನ್ನು ಒಟ್ಟಾಗಿ ಸ್ವೀಕರಿಸುವುದನ್ನು ಕೆಲಕಾಲ ತಡೆದರೆ ಅಷ್ಟಾವರಣಕ್ಕೆ ಚ್ಯುತಿಯಿಲ್ಲ. ಜೀವಗಳನ್ನು ಕಾಯುವುದೂ ಪ್ರಸಾದಭಾವವೇ.

ವ್ರತಕ್ಕೂ ಒಂದು ಎಲ್ಲೆ ಇದೆ, ಅದರ ಹೆಸರು ದಯೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿಯನ್ನು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳು ದಾರಿಯಿಲ್ಲದೆ ಬಳಲಿದರು. ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಗಡಿಯ ಆ ಬದಿಯಲ್ಲಿದ್ದವರಲ್ಲಿ ನಮ್ಮ ಕನ್ನಡಿಗರೂ ಇದ್ದರು. ವಿಷಯವು ಕೇರಳದ ಉಚ್ಚ ನ್ಯಾಯಾಲಯಕ್ಕೆ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಮೇಲೆ ಏಪ್ರಿಲಿನಲ್ಲಿ ರೋಗಿಗಳಿಗೆ ದಾರಿ ಬಿಡುವ ಏರ್ಪಾಡಾಯಿತು. ಪ್ರಾಣವನ್ನು ಉಳಿಸಲೆಂದು ಹುಟ್ಟಿದ ನಿಯಮವು ಪ್ರಾಣಕ್ಕೇ ಅಡ್ಡ ನಿಂತರೆ ಅದು ತನ್ನ ಪ್ರಯೋಜನವನ್ನೇ ಕಳೆದುಕೊಂಡಿತು. ಮುಂಬಯಿ, ಪುಣೆ, ಗೋವೆಗಳಿಗೆ ದುಡಿಯಲು ಹೋಗಿದ್ದ ನಮ್ಮ ಜಿಲ್ಲೆಯ ತಾಂಡಾಗಳ, ಹಳ್ಳಿಗಳ ಜನರಿಗೆ ಮನೆಯಲ್ಲಿರಿ ಎಂಬ ಆಜ್ಞೆಯೇ ವಿಪರ್ಯಾಸವಾಗಿತ್ತು. ಅವರ ಮನೆ ಇದ್ದುದು ಗಡಿಯ ಈಚೆಗೆ. ಹಿಂದಿರುಗಿ ಬಂದವನನ್ನು ರೋಗದ ಮೂಟೆಯೆಂದು ಊರ ಹೊರಗೆ ನಿಲ್ಲಿಸುವುದು ಬೇರೆ, ಪ್ರತ್ಯೇಕ ಇರಿಸಿ ಊಟ ಕಳಿಸುವುದು ಬೇರೆ. ದೂರವು ಎರಡರಲ್ಲಿಯೂ ಒಂದೇ; ಧರ್ಮವು ಒಂದರಲ್ಲಿ ಮಾತ್ರ ಇದೆ.

ಸದ್ಭಕ್ತರೇ, ಇನ್ನೊಂದು ಮಹಾಮಾರಿ ಬಾರದೆಂದು ಯಾರೂ ಭರವಸೆ ಕೊಡಲಾರರು. ಬಂದಾಗ ಹೇಗೆ ನಡೆಯಬೇಕೆಂಬುದನ್ನು ಈಗಲೇ ನಿಶ್ಚಯಿಸಿಕೊಳ್ಳಿರಿ. ಶಂಕೆಯುಂಟಾದರೆ ಮುಚ್ಚಿಡಬೇಡಿ, ಕೇಳಿರಿ, ಬಲ್ಲವರನ್ನು ಕೇಳಿರಿ, ಉತ್ತರ ದೊರೆತ ಮೇಲೆ ಅದರಂತೆ ನಡೆಯುವ ಧೈರ್ಯ ತೋರಿರಿ. ಪರೀಕ್ಷಿಸದ ಸುದ್ದಿಯನ್ನು ಮೊಬೈಲಿನಲ್ಲಿ ಮುಂದೆ ಕಳಿಸುವುದೂ ಒಂದು ಬಗೆಯ ಸೋಂಕು ಹರಡಿದಂತೆಯೇ. ನಮ್ಮ ಮಠದ ವಿದ್ಯಾಲಯಗಳಲ್ಲಿ ಕಲಿತು ವೈದ್ಯರಾಗಿ, ಅಧಿಕಾರಿಗಳಾಗಿ, ಶಿಕ್ಷಕರಾಗಿ ಇರುವವರಿಗೆ ನಮ್ಮದೊಂದು ವಿಶೇಷ ಮಾತು: ನಿಮ್ಮ ಎದುರಿಗೆ ನಿಂತ ಹಳ್ಳಿಯವನಿಗೆ ಗುಣವನ್ನು ಹೇಳುವಾಗ ದೋಷವನ್ನೂ ಹೇಳಿರಿ. ಅವನು ಹೆದರುವನೆಂದು ತಿಳಿಯಬೇಡಿ. ಬಿತ್ತಿದ್ದೆಲ್ಲ ಬೆಳೆಯುವುದಿಲ್ಲವೆಂಬುದನ್ನು ಬಲ್ಲ ಒಕ್ಕಲಿಗನಿಗೆ ಅಪಾಯದ ಲೆಕ್ಕವನ್ನು ಕಲಿಸಬೇಕಾದ ಅಗತ್ಯವಿಲ್ಲ. ಮಳೆ ಬರಬಹುದು, ಬಾರದಿರಬಹುದು ಎಂದರಿತೇ ಅವನು ಬೀಜವನ್ನು ನೆಲಕ್ಕೆ ಹಾಕುತ್ತಾನೆ. ಅವನು ಬೇಡುವುದು ಅಪಾಯವಿಲ್ಲದ ಬದುಕನ್ನಲ್ಲ, ಮೋಸವಿಲ್ಲದ ಮಾತನ್ನು.

ಆ ಮಾತು ನಮ್ಮೆಲ್ಲರ ನಾಲಿಗೆಯ ಮೇಲೆ ನೆಲೆಸಲಿ; ಶಂಕೆಯು ಅರಿವಾಗಲಿ, ಶ್ರದ್ಧೆಯು ಕಣ್ತೆರೆಯಲಿ. ಸರ್ವರಿಗೂ ಸನ್ಮಂಗಳವುಂಟಾಗಲಿ.