ದುರಸ್ತಿ ಮತ್ತು ಸೇಡು

ನಾನಿರುವ ಮಿನ್ನೆಸೋಟದಲ್ಲಿ ಏಪ್ರಿಲ್ ಹೊತ್ತಿಗೆ ಹಿಮ ಕರಗಿದಾಗ ಮನೆಮುಂದಿನ ಹುಲ್ಲುಹಾಸುಗಳ ಮೇಲೆ ಅಂಕುಡೊಂಕು ಗೆರೆಗಳು ಕಾಣುತ್ತವೆ. ಒಂದೆರಡು ಅಂಗುಲ ಅಗಲದ, ಬೋಳು ದಾರಿಗಳು. ಚಳಿಗಾಲವಿಡೀ ಹಿಮದಡಿ ಓಡಾಡಿ ಹುಲ್ಲನ್ನು ಬುಡದವರೆಗೆ ಮೆಯ್ದ ‘ವೋಲ್’ ಎಂಬ ಮೋಟುಬಾಲದ ಇಲಿಗಳ ಕೆಲಸವದು. ಹೊರಗೆ ಮೈನಸ್ 20 ಡಿಗ್ರಿಯಿದ್ದರೂ ದಪ್ಪ ಹಿಮದ ಕೆಳಗೆ ನೆಲ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ನಮ್ಮನ್ನು ನಡುಗಿಸುವ ಹಿಮವೇ ಅವಕ್ಕೆ ಕಂಬಳಿ.

ಇದನ್ನು ಸರಿಪಡಿಸುವುದು ಕಷ್ಟವಲ್ಲ. ಒಣಗಿದ್ದನ್ನು ಬಾಚಿ ತೆಗೆದು, ಬೋಳಾದಲ್ಲಿ ಬೀಜ ಎರಚಿ, ತೆಳ್ಳಗೆ ಮಣ್ಣು ಮುಚ್ಚಿ, ಮೊಳಕೆ ಬರುವವರೆಗೆ ತೇವ ಆರದಂತೆ ನೋಡಿಕೊಂಡರಾಯಿತು. ಬೇರು ಉಳಿದ ಕಡೆ ಹುಲ್ಲು ತಾನೇ ಚಿಗುರುತ್ತದೆ. ಆದರೂ ಅಂಗಡಿಯಲ್ಲಿ ಬೀಜದ ಚೀಲದ ಜೊತೆ ಇಲಿಪಾಷಾಣವನ್ನೂ ಎತ್ತಿಕೊಳ್ಳುವವರನ್ನು ಕಾಣುತ್ತೇನೆ. ದುರಸ್ತಿ ಎಲ್ಲಿ ಮುಗಿದು ಸೇಡು ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ನನ್ನನ್ನು ಕಾಡುವುದು ಆಗಲೇ.

ಬೀಜ ಹುಲ್ಲಿಗಾಗಿ. ವಿಷ ಯಾರಿಗಾಗಿ? ಹಿಮದ ಮರೆ ಹೋದ ಮೇಲೆ ವೋಲ್‌ಗಳು ಬಹುಮಟ್ಟಿಗೆ ಬಯಲು ಬಿಟ್ಟು ಪೊದೆಗಳತ್ತ ಸರಿದಿರುತ್ತವೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿ ಕೂಡಲೇ ಸಾಯುವುದೂ ಇಲ್ಲ. ಕೆಲವು ದಿನ ನರಳುತ್ತದೆ. ಅದನ್ನು ಹಿಡಿದ ಗೂಬೆಯ ಮೈಗೂ ವಿಷ ಸೇರುತ್ತದೆ. ಇಲಿಗಳ ಸಂಖ್ಯೆಯನ್ನು ಹದದಲ್ಲಿಡುವುದು ಅದೇ ಗೂಬೆ.

‘ಜಾಗ ನನ್ನದಲ್ಲವೇ?’ ಎನ್ನಬಹುದು. ಇಲ್ಲಿನ ಹಾಸುಗಳಲ್ಲಿ ಹೆಚ್ಚಾಗಿರುವ ಕೆಂಟಕಿ ಬ್ಲೂಗ್ರಾಸ್ ಹೆಸರಿಗಷ್ಟೇ ಕೆಂಟಕಿಯದು. ಅದು ವಲಸಿಗರ ಜೊತೆ ಯುರೋಪಿನಿಂದ ಬಂದದ್ದು. ವೋಲ್ ಈ ನೆಲದ್ದೇ ಜೀವಿ. ಹಾಗೆಂದು ಮೊದಲು ಬಂದವರಿಗೇ ಹಕ್ಕು ಎಂದು ವಾದಿಸಲಾರೆ. ಆ ವಾದ ಗೆದ್ದರೆ ಕನ್ನಡನಾಡಿನಿಂದ ಬಂದ ನಾನೂ ಜಾಗ ಖಾಲಿ ಮಾಡಬೇಕು.

ನನಗೆ ಒಪ್ಪಿಗೆಯಾಗುವ ಅಳತೆ ಬೇರೆ: ಆದ ಹಾನಿಯನ್ನು ತುಂಬಿಕೊಡಲು ಸಾಧ್ಯವೇ? ವೋಲ್ ಎಳೆಯ ಸೇಬಿನ ಗಿಡದ ತೊಗಟೆಯನ್ನು ಸುತ್ತಲೂ ಕೊರೆದರೆ ಗಿಡ ಸಾಯುತ್ತದೆ. ಅಲ್ಲಿ ಔದಾರ್ಯದ ಮಾತು ಸಾಲದು. ಹಿಮ ಬೀಳುವ ಮೊದಲೇ ಬುಡಕ್ಕೆ ತಂತಿಬಲೆ ಸುತ್ತಬೇಕು. ಹುಲ್ಲು ಹಾಗಲ್ಲ, ಮತ್ತೆ ಬರುತ್ತದೆ. ಮತ್ತೆ ಬಾರದ್ದನ್ನು ಮುಂಚೆಯೇ ಕಾಯುವುದು, ಬರುವಂಥದ್ದಕ್ಕೆ ಕಾದುಕೊಳ್ಳುವುದು ನ್ಯಾಯ. ಈ ಎರಡರ ನಡುವೆ ವಿಷಕ್ಕೆ ನನಗೆ ಜಾಗ ಕಾಣುತ್ತಿಲ್ಲ.