ಕುಳ್ಳಿರಿಸುವುದು ಶುಶ್ರೂಷೆಯೇ?

"ಏಳಬೇಡಮ್ಮ, ಬಿದ್ದೀಯೆ" ಎಂದು ವೃದ್ಧ ತಾಯಿಯನ್ನು ಕುಳ್ಳಿರಿಸಿ, ಸಕಲವನ್ನೂ ಕೈಗೆ ತಂದು ಕೊಡುವ ಮಕ್ಕಳು ನಮ್ಮಲ್ಲಿ ವಿರಳರಲ್ಲ. ನಾವೂ ಹಾಗೆಯೇ ಮಾಡಿದವರು. ಇದು ಶುಶ್ರೂಷೆಯೋ, ನಮ್ಮ ಭಯಕ್ಕೆ ನಾವೇ ಕಂಡುಕೊಂಡ ಉಪಶಮನವೋ ಎಂಬ ಸಂಶಯ ಈಗ ಕಾಡುತ್ತಿದೆ.

ಚೆನ್ನೈನ ಕಾಸಿಮೇಡು ಬಂದರಿಗೆ ಹೋದರೆ, ತೂಗಾಡುವ ದೋಣಿಯ ಮೇಲೆ ಏನನ್ನೂ ಹಿಡಿಯದೆ ನಿಂತ ಮೀನುಗಾರರನ್ನು ಕಾಣುತ್ತೇವೆ. ಆ ಸ್ಥೈರ್ಯವು ಕಾಲಿನ ಅಭ್ಯಾಸದಿಂದ ಬಂದುದು. ಕುಳಿತೇ ಇರುವವರಲ್ಲಿ ತೊಡೆಯ ಬಲ ಕ್ಷೀಣಿಸುತ್ತದೆ. ಎಡವಿದಾಗ ಹೆಜ್ಜೆಯಿಟ್ಟು ಸಾವರಿಸಿಕೊಳ್ಳುವ ಚುರುಕೂ ಕುಂದುತ್ತದೆ. ಬೀಳಬಾರದೆಂದು ಕುಳ್ಳಿರಿಸಿದ ತಾಯಿಯನ್ನು ನಾವೇ ಬೀಳುವುದಕ್ಕೆ ಸಿದ್ಧಗೊಳಿಸಿದಂತಾಯಿತು.

ಅರವತ್ತೈದು ದಾಟಿದವರು ವಾರಕ್ಕೆ 3 ದಿನವಾದರೂ ಬಲ ಹಾಗೂ ಸಮತೋಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿತು. ಭಾರವಾದ ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಹಲವು ಬಾರಿ ಎದ್ದು ಕೂರುವುದು, ಆರಂಭಕ್ಕೆ ಇಷ್ಟು ಸಾಕು. ವೈದ್ಯರನ್ನು ಕೇಳಿಕೊಂಡಿರಬೇಕು, ಮಗ್ಗುಲಲ್ಲಿ ಒಬ್ಬರು ನಿಂತಿರಬೇಕು. ಮಡಿಯ ನೆಪದಲ್ಲಿ ಒದ್ದೆ ನೆಲವನ್ನು ಹಾಗೆಯೇ ಬಿಡುವುದನ್ನಂತೂ ನಾವು ಒಪ್ಪೆವು.

ಆ ತಾಯಿಗೆ ಪ್ರದಕ್ಷಿಣೆಯ ಆಸೆ ಇನ್ನೂ ಇದೆ. ತೋಳು ಕೊಟ್ಟು, ಅವರ ಹೆಜ್ಜೆಗೆ ಹೆಜ್ಜೆಯಿಟ್ಟು ಬರಲು ಅರ್ಧ ಗಂಟೆ ಬೇಕು. ತಟ್ಟೆ ತಂದಿಡಲು ಎರಡು ನಿಮಿಷ.